ಬರೆಯದೆ ಬಿಟ್ಟವಳು

ನನ್ನ ತಂಗಿ ದುಗ್ಗಿಗೆ ಹದಿನೈದು ತುಂಬಿದ ತಿಂಗಳು ಊರಿಗೆ ಹದಿನೈದು ಮಂದಿ ಹೊರುವವರು ಬೇಕಾಗಿದ್ದರು. ಸುದ್ದಿ ಬಂದದ್ದು ಎದುರುಮನೆಯ ತಿಪ್ಪಕ್ಕನ ಬೆರಳಿಗೆ. ತಿಪ್ಪಕ್ಕ ದಾರದವಳು. ಜಗಲಿಯ ಮೂಲೆಯಲ್ಲಿ ಕೂತು, ಗೋಡೆಯ ತೂತಿನಿಂದ ಬರುವ ದಾರವನ್ನು ಎಡಗೈಯ ಬೆರಳಿಗೆ ಸುತ್ತಿಕೊಂಡಿರುತ್ತಿದ್ದಳು. ಅದು ಎಷ್ಟು ಸಲ ಜಗ್ಗಿತೋ ಬಲಗೈಯ ದಾರವನ್ನು ಅಷ್ಟೇ ಸಲ ಜಗ್ಗುತ್ತಿದ್ದಳು. ನಾನು ಹುಟ್ಟುವ ಮೊದಲಿಂದ ಅಲ್ಲೇ ಕೂತಿದ್ದಳು. ದಾರದವರು ಏಳುವುದಿಲ್ಲ. ಸತ್ತರೆ ಅವರ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸುವುದೂ ಇಲ್ಲ. ನಮ್ಮ ಬೀದಿಯಲ್ಲಿ ಅಂಥ ಖಾಲಿ ಮೂಲೆಗಳು ಮೂರಿದ್ದವು. ಅವುಗಳ ಹಿಂದಿನ ಮನೆಯವರಿಗೆ ಊರಿನ ಯಾವ ಸುದ್ದಿಯೂ ಮುಟ್ಟುತ್ತಿರಲಿಲ್ಲ. ಅವರ ಕೈ ಮೇಲೆ ಬಿಸಿ ನೀರು ಬಿದ್ದರೂ ಅವರು ಕೈ ಎಳೆದುಕೊಳ್ಳುತ್ತಿರಲಿಲ್ಲ.

"ಹೊರೋರು ಹದಿನೈದು," ಅಂದಳು ತಿಪ್ಪಕ್ಕ. "ಬ್ಯಾರೆ ಏನೂ ಇಲ್ಲ. ಬರ್ಕೊಂಡ್ಯಾ?"

"ಹದಿನೈದಾ? ಹೋದ ಸಲ ನಾಕೇ ಇತ್ತಲ್ಲ ತಿಪ್ಪಕ್ಕ."

"ನಾನೇನು ಹೆತ್ತು ಕೊಡ್ಬೇಕಾ ಅವ್ರನ್ನ? ದಾರ ಎಷ್ಟು ಜಗ್ತೋ ಅಷ್ಟು ಹೇಳ್ದೆ. ಉತ್ತರದ ಅಂಚಲ್ಲಿ ಗಾಯ ಆಗೈತಂತೆ. ಹೊರೋರು ಬಾಳ ಜನ ಅಲ್ಲಿಂದ ಸುರಿದು ಹೋಗಿದಾರೆ." ಆಮೇಲೆ ದನಿ ತಗ್ಗಿಸಿ, "ನಿಮ್ಮ ದುಗ್ಗೀದೂ ಈ ಸಲಾನೇ ಅಲ್ವೇನಪ್ಪ?" ಅಂದಳು.

ಹೌದು. ಆ ಸಲ ಹದಿನೈದು ತುಂಬಿದ ಮಕ್ಕಳು ಊರಲ್ಲಿ ಇದ್ದದ್ದು ಸರಿಯಾಗಿ ಹದಿನೈದು. ದುಗ್ಗಿ ಅವರಲ್ಲಿ ಒಬ್ಬಳು.

ಶಾಲೆಯ ಪುಸ್ತಕದಲ್ಲಿ ಜೀವಕೋಶಗಳ ವಿಧಗಳು ಮತ್ತು ಅವುಗಳ ಕೆಲಸಗಳು ಅಂತ ಒಂದು ಪಾಠವಿದೆ. ಬೇರೆ ಕಡೆ ಅದು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರುತ್ತದಂತೆ. ನಮ್ಮಲ್ಲಿ ಆ ಪಾಠಕ್ಕೆ ಪರೀಕ್ಷೆ ಇಲ್ಲ. ವರ್ಷಕ್ಕೆ ಮೂರು ಸಲ, ಹದಿನೈದು ತುಂಬಿದ ಮಕ್ಕಳನ್ನು ಶಾಲೆಯ ಕೊನೆಯ ಕೋಣೆಗೆ ಕರೆಯುತ್ತಾರೆ. ಬಿದಿರುಕಡ್ಡಿಯಿಂದ ಕೆನ್ನೆಯ ಒಳಬದಿ ಕೆರೆದು ಗಾಜಿನ ಪಟ್ಟಿಯ ಮೇಲೆ ಸವರಬೇಕು. ಅದರ ಮೇಲೆ ಒಂದು ಹನಿ ನೀಲಿ ಬಣ್ಣ. ನಾನು ಮೈಕ್ರೋಸ್ಕೋಪಿನಲ್ಲಿ ನೋಡಿ, ಹೆಸರಿನ ಮುಂದಿನ ಕಾಲಮ್ಮಿನಲ್ಲಿ ಆ ಮಗು ಏನು ಅಂತ ಬರೆಯುತ್ತೇನೆ. ನಾನು ಕಣ್ಣಿನವನು. ಊರಿಗೆ ಕಣ್ಣಿನವರು ಇಬ್ಬರೇ. ಇನ್ನೊಬ್ಬರು ಪಾಲಯ್ಯ ಮೇಷ್ಟ್ರು. ಅವರಿಗೆ ಪೊರೆ ಬಂದ ಮೇಲೆ ಕೆಲಸವೆಲ್ಲ ನನ್ನ ಮೇಲೆ ಬಿತ್ತು.

ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಎಂಟು ಗಾಜು ನೋಡಿದೆ. ಎಂಟರಲ್ಲೂ ಒಂದೇ ಚಿತ್ರ. ಅಂಗಳಕ್ಕೆ ಹಾಸಿದ ಚಪ್ಪಡಿ ಕಲ್ಲುಗಳ ಹಾಗೆ ಚಪ್ಪಟೆ ಕೋಶಗಳು, ಪ್ರತಿಯೊಂದರ ನಡುವೆ ಒಂದು ನೀಲಿ ಚುಕ್ಕೆ. ನನ್ನ ಕಣ್ಣೇ ಸರಿ ಇಲ್ಲ ಅಂದುಕೊಂಡು ಬೆವರಿದೆ. ಕೊನೆಗೆ ಮೇಷ್ಟ್ರನ್ನು ಕೇಳಿದೆ.

"ಎಲ್ಲಾ ಒಂದೇ ಥರ ಕಾಣ್ತಾವೆ ಮೇಷ್ಟ್ರೇ."

"ನನಗೂ ನಲವತ್ತು ವರ್ಷ ಹಂಗೇ ಕಂಡಿದ್ದು," ಅಂದರು ಅವರು, ಬೀಡಿ ಹಚ್ಚುತ್ತ.

"ಮತ್ತೆ ಏನು ನೋಡಿ ಬರೆಯೋದು?"

"ಗಾಜು ನೋಡಿ ಬರೀಬ್ಯಾಡ. ತಿಪ್ಪಕ್ಕನ್ನ ಕೇಳಿ ಬರಿ. ಬರೆದು ಹತ್ತು ದಿನ ಆದ ಮ್ಯಾಲೆ ಬೇಕಾದ್ರೆ ಅದೇ ಹುಡುಗ್ರ ಗಾಜು ತಂದು ನೋಡು."

ಹತ್ತು ದಿನ ಬಿಟ್ಟು ನೋಡಿದೆ. ಹೊರುವವನೆಂದು ಬರೆದ ಹುಡುಗನ ಗಾಜಿನಲ್ಲಿ ಕೋಶಗಳು ದುಂಡಗಾಗಿದ್ದವು, ನಡುವಿನ ಚುಕ್ಕೆ ಹೋಗಿತ್ತು. ಎಳೆಯುವವನೆಂದು ಬರೆದವನದು ಉದ್ದಕ್ಕೆ ಪಟ್ಟೆಪಟ್ಟೆಯಾಗಿತ್ತು. ನಾನು ಏನು ಬರೆದಿದ್ದೆನೋ ಅವರು ಅದೇ ಆಗಿದ್ದರು. ಆ ದಿನದಿಂದ ನಾನು ಪೆನ್ನು ಹಿಡಿಯುವಾಗ ಅಂಗೈ ಒರೆಸಿಕೊಳ್ಳುವುದನ್ನು ಕಲಿತೆ. ಕೆಲಸ ಮಾತ್ರ ಬಿಡಲಿಲ್ಲ. ಕಣ್ಣಿನವರು ಬೇರೆ ಯಾವ ಕೆಲಸಕ್ಕೂ ಬರುವುದಿಲ್ಲ.

ಹೊರುವವರ ವಿಷಯ ಹೇಳಬೇಕು. ಬರೆದ ಮರುದಿನ ಅವರು ಕಚೇರಿಗೆ ಹೋಗಿ, ತಮ್ಮ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ತಗಡಿನ ಡಬ್ಬಿಯೊಳಗೆ ಹಾಕುತ್ತಾರೆ. ಆಮೇಲೆ ಆ ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುವುದಿಲ್ಲ. ಗುಮಾಸ್ತ ಅವರ ಕೈಗೆ ಒಂದು ಕಬ್ಬಿಣದ ಬಳೆ ತೊಡಿಸುತ್ತಾನೆ. ಪೂರ್ವದ ಗಾಳಿಮನೆಯಿಂದ ಬಾಯಿ ಕಟ್ಟಿದ ಮಡಕೆಗಳನ್ನು ಹೊತ್ತು ಪ್ರತಿ ಮನೆಯ ಬಾಗಿಲಿಗೆ ಇಡುವುದು, ನಿನ್ನೆಯ ಮಡಕೆಯನ್ನು ತಿರುಗಿ ಒಯ್ಯುವುದು ಅವರ ಕೆಲಸ. ಮಡಕೆ ಒಂದು ಹೊತ್ತು ತಡವಾದರೆ ಮನೆಯವರ ತುಟಿ ನೀಲಿಯಾಗುತ್ತದೆ. ಸಂದಿಗಳಲ್ಲಿ ಅವರು ಒಬ್ಬರ ಹಿಂದೊಬ್ಬರು ಮೈ ಮಡಚಿಕೊಂಡು ನುಸುಳುತ್ತಾರೆ. ತಿಂಗಳು ಕಳೆಯುವುದರೊಳಗೆ ಮುಖ ದುಂಡಗಾಗಿ, ಮೂಗು ಬಾಯಿ ಇರುವ ಕಡೆ ತಗ್ಗು ಬೀಳುತ್ತದೆ. ನೂರ ಇಪ್ಪತ್ತನೆಯ ದಿನ ಅವರು ಊರ ಎಡಪಕ್ಕದ ಹಳೇ ಗಿರಣಿಯೊಳಗೆ ಹೋಗುತ್ತಾರೆ. ಸಂಜೆ ಗಿರಣಿಯಿಂದ ಬಳೆಗಳ ಚೀಲ ಕಚೇರಿಗೆ ವಾಪಸು ಬರುತ್ತದೆ. ಬಳೆ ಹಳೆಯವೇ, ಕೈ ಹೊಸವು.

ಅವ್ವ ಕೂಡಿಡುವವಳು. ಕಣಜದಲ್ಲಿ ಕೆಲಸ. ಸುಗ್ಗಿಯಲ್ಲಿ ಬಾಗಿಲು ಹಿಡಿಯದಷ್ಟು ದಪ್ಪಗಾಗಿ, ಬೇಸಿಗೆ ಬಂದರೆ ಒಣಗಿ ಹೋಗುತ್ತಿದ್ದಳು. ಅಪ್ಪ ಅಂಚಿನವನು. ಅಂಚಿನವರ ಮನೆಗಳು ಇಪ್ಪತ್ತೆಂಟು ಸಾಲು. ವರ್ಷಕ್ಕೊಂದು ಸಾಲು ಹೊರಗೆ ಸರಿಯಬೇಕು. ಒಳಸಾಲಿನಲ್ಲಿದ್ದಾಗ ಅಪ್ಪ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ, ದುಗ್ಗಿಯನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ. ಹೊರಸಾಲಿಗೆ ಹೋದಂತೆ ಮಾತು ಕಡಿಮೆಯಾಯಿತು, ಮೈ ಒಣಗಿ ಚಪ್ಪಟೆಯಾಯಿತು. ಇಪ್ಪತ್ತೆಂಟನೆಯ ಸಾಲಿನಲ್ಲಿ ಅವರೆಲ್ಲ ಹೆಗಲಿಗೆ ಹೆಗಲು ತಾಗಿಸಿ, ಹೊರಗೆ ಮುಖ ಮಾಡಿ ನಿಂತಿರುತ್ತಾರೆ. ಒಂದು ದಿನ ಗಾಳಿ ಬೀಸಿ ಆ ಸಾಲು ಹೋಯಿತು. ಅಳಬೇಕೋ ಬೇಡವೋ ಅನ್ನುವುದು ನಮಗೆ ತಿಳಿಯಲಿಲ್ಲ. ಅವ್ವ ಅಪ್ಪನ ತಟ್ಟೆಯನ್ನು ತೊಳೆದು ಗೂಡಿನಲ್ಲಿಟ್ಟಳು.

ಹದಿನೈದರ ಸುದ್ದಿ ಕೇಳಿದಾಗ ಅವ್ವ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅವಳನ್ನ ಎಳೆಯೋರಿಗೆ ಬರಿ," ಅಂದಳು.

ಎಳೆಯುವವರು ಊರ ನಡುವಿನ ಚೌಕದಲ್ಲಿ ದೊಡ್ಡ ಹಗ್ಗವನ್ನು ಎಲ್ಲರೂ ಒಟ್ಟಿಗೆ ಎಳೆದು ಬಿಡುವವರು. ಹಗಲೂ ರಾತ್ರಿ ಪಾಳಿಯ ಮೇಲೆ. ಆ 'ಧಪ್' ಸದ್ದು ನಮಗೆ ಯಾರಿಗೂ ಕೇಳುವುದಿಲ್ಲ, ನಿಂತರೆ ಮಾತ್ರ ಕೇಳುತ್ತದೆ. ಪಾಲಯ್ಯ ಮೇಷ್ಟ್ರು ಒಮ್ಮೆ ತಮ್ಮ ಮಗನನ್ನು ಪಟ್ಟಿಗಿಂತ ಹೆಚ್ಚಾಗಿ ಅಲ್ಲಿಗೆ ಬರೆದಿದ್ದರು. ಒಬ್ಬ ಹೆಚ್ಚಾಗಿ ಎಳೆತ ತಪ್ಪಿತು. ಅವತ್ತು ಸಂತೆ ದಿನ. ಏಳು ಜನ ಕೈಯಲ್ಲಿ ತರಕಾರಿ ಹಿಡಿದುಕೊಂಡೇ ಬಿದ್ದರು. ಮಗನೂ ಅವರಲ್ಲೊಬ್ಬ. ಇದನ್ನು ಅವ್ವನಿಗೆ ನೆನಪಿಸಿದೆ.

"ಹಂಗಾದ್ರೆ ಏನೂ ಬರೀಬ್ಯಾಡ," ಅಂದಳು. "ಮನೇಲೇ ಇರ್ಲಿ."

"ಏನೂ ಬರೀದೆ ಯಾರೂ ಬಿಟ್ಟಿಲ್ಲ ಅವ್ವ."

"ಯಾರೂ ಬಿಟ್ಟಿಲ್ಲ ಅಂದ್ರೆ ಬಿಡಬಾರ್ದು ಅಂತ ಎಲ್ಲೈತೆ? ನಿನ್ನ ಪುಸ್ತಕದಾಗೆ ಐತಾ?"

ಪುಸ್ತಕದಲ್ಲಿ ಇರಲಿಲ್ಲ. ಮರುದಿನ ಬೆಳಿಗ್ಗೆ ದುಗ್ಗಿ ಉಳಿದ ಹದಿನಾಲ್ಕು ಮಕ್ಕಳ ಜೊತೆ ಬೆಂಚಿನ ಮೇಲೆ ಕೂತಿದ್ದಳು. ಅವ್ವ ಬೆಳಗಾಗುವ ಮೊದಲೇ ಕಣಜಕ್ಕೆ ಹೋಗಿದ್ದಳು. ದುಗ್ಗಿ ಜಡೆ ತಾನೇ ಹಾಕಿಕೊಂಡಿದ್ದಳು, ಎಂದಿನಂತೆ ಬೈತಲೆ ಹಿಂದೆ ಹೋಗುತ್ತ ಎಡಕ್ಕೆ ಸೊಟ್ಟಗಾಗಿತ್ತು. ಕಡ್ಡಿಯಿಂದ ಕೆನ್ನೆ ಕೆರೆಯುತ್ತ ನನ್ನನ್ನೇ ನೋಡಿ, "ಗಾಜಿನ ಮೇಷ್ಟ್ರೇ, ನಮ್ಮಣ್ಣ ಬಾಳ ಜಿಪುಣ, ಒಳ್ಳೇದಾಗಿ ಬರೀಲಿ ಅಂತ ಸ್ವಲ್ಪ ಶಿಫಾರಸು ಮಾಡ್ರಿ," ಅಂದಳು. ಮಕ್ಕಳೆಲ್ಲ ನಕ್ಕರು. ಆ ಹದಿನಾಲ್ಕು ಹೆಸರುಗಳ ಮುಂದೆ ಹೊರುವವರು ಅಂತ ಬರೆದೆ. ದುಗ್ಗಮ್ಮ ಅನ್ನುವ ಹೆಸರಿನ ಮುಂದೆ ಪೆನ್ನು ಎತ್ತಿದೆ. ಮುಂದಿನ ಕಾಲಂ ಹಾಗೇ ಬಿಟ್ಟೆ. ಕಚೇರಿಯ ಗುಮಾಸ್ತ ಗೆರೆ ಎಳೆದು ಮುದ್ರೆ ಒತ್ತಿದ. ಅವನು ಯಾವತ್ತೂ ಓದಿ ಮುದ್ರೆ ಒತ್ತಿದವನಲ್ಲ.

ಒಬ್ಬ ಹೊರುವವನು ಕಡಿಮೆಯಾದ. ನಮ್ಮ ಬೀದಿಯ ಕೊನೆಯ ಮನೆಗೆ ಮಡಕೆ ತಡವಾಗಿ ಬರತೊಡಗಿತು. ಅಲ್ಲಿನ ಮುದುಕ ಹದಿನೆಂಟು ದಿನ ನೀಲಿ ತುಟಿಯಲ್ಲಿ ಕೂತಿದ್ದು ಹತ್ತೊಂಬತ್ತನೆಯ ದಿನ ಸತ್ತ. ನಾನು ಹೆಣಕ್ಕೆ ಹೆಗಲು ಕೊಟ್ಟೆ. ದುಗ್ಗಿ ಮನೆಯಲ್ಲಿದ್ದಳು, ಅಷ್ಟು ಸಾಕಾಗಿತ್ತು.

ಮೂವತ್ತನೆಯ ದಿನ ಬೆಳಿಗ್ಗೆ ಅವಳು ನನಗೆ ರೊಟ್ಟಿ ಬಡಿಸಲು ಬಗ್ಗಿದಾಗ ಬೈತಲೆ ನೋಡಿದೆ. ಹಣೆಯಿಂದ ಹಿಂದಿನವರೆಗೆ ನೂಲು ಹಿಡಿದು ಎಳೆದಂತೆ ನೇರವಾಗಿತ್ತು. ಅವ್ವ ಕಣಜದಲ್ಲಿದ್ದಳು. "ಜಡೆ ಯಾರು ಹಾಕಿದ್ರು?" ಅಂದೆ.

"ನಾನೇ," ಅಂದಳು ದುಗ್ಗಿ.

"ನಾನೇ," ಅಂತ ಒಳಮನೆಯಿಂದ ದುಗ್ಗಿಯದೇ ದನಿ ಬಂತು. ಕೈಯಲ್ಲಿ ಬಾಚಣಿಗೆ ಹಿಡಿದುಕೊಂಡು ಹೊಸಿಲ ಮೇಲೆ ನಿಂತಿದ್ದಳು. ಅವಳ ಕೂದಲು ಇನ್ನೂ ಬಿಚ್ಚಿತ್ತು. ಈಗ ಅವಳ ಸರದಿ.

ಸಂಜೆ ಅವ್ವ ಬಂದು ಇಬ್ಬರನ್ನೂ ನೋಡಿದಳು. ಕೂಗಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ಏನೂ ಕೇಳದೆ ಗೂಡಿನಿಂದ ಅಪ್ಪನ ತಟ್ಟೆ ಇಳಿಸಿ ಒರೆಸಿದಳು.

ಎರಡನೆಯ ತಿಂಗಳಿಗೆ ನಾಲ್ಕು. ಮೂರನೆಯದಕ್ಕೆ ಎಂಟು. ನಾನು ಯಾರು ಮೊದಲಿನವಳು ಅಂತ ಹುಡುಕಲು ನೋಡಿದೆ. ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಯಾವ ಹಾಡು ಹಾಡುತ್ತಿದ್ದ ಅಂತ ಕೇಳಿದೆ. ಎಂಟೂ ಮಂದಿ ಹಾಡಿದರು, ಅಪ್ಪ ಮರೆಯುತ್ತಿದ್ದ ಸಾಲನ್ನು ಎಂಟೂ ಮಂದಿ ಬಿಟ್ಟರು. ಮೊಣಕಾಲಿನ ಕಲೆ ಎಲ್ಲರಿಗೂ ಇತ್ತು. "ಅಣ್ಣ, ನಾನೇ ಕಣೋ ದುಗ್ಗಿ, ಇವು ಯಾವೋ," ಅಂತ ಒಬ್ಬಳು ಕಣ್ಣು ಹೊಡೆದಳು. ಅದನ್ನೂ ಎಲ್ಲರೂ ಒಂದೊಂದು ಸಲ ಹೇಳಿ ನಕ್ಕರು. ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಬಾಗಿಲಿನ ಮಡಕೆ ಸಾಲದೆ ಅವರು ಅಕ್ಕಪಕ್ಕದ ಮನೆಗಳ ಮಡಕೆ ಬಿಚ್ಚತೊಡಗಿದರು. ಬೀದಿಯಲ್ಲಿ ಹಲವರ ತುಟಿ ನೀಲಿಯಾಯಿತು. ದೂರು ಹೋಯಿತು.

ತಡವುವವರು ಬಂದರು. ಊರಿಗೆ ಹೊರಗಿನದೇನಾದರೂ ಹೊಕ್ಕರೆ ಕಂಡುಹಿಡಿಯುವವರು ಅವರು. ಕಣ್ಣಿನಿಂದ ನೋಡುವುದಿಲ್ಲ, ಅಂಗೈಯಿಂದ ಮುಖ ತಡವುತ್ತಾರೆ. ನಮ್ಮದಲ್ಲದ್ದು ಸಿಕ್ಕರೆ ಅಪ್ಪಿಕೊಳ್ಳುತ್ತಾರೆ. ಅಪ್ಪಿಕೊಂಡದ್ದು ಮತ್ತೆ ಕಾಣುವುದಿಲ್ಲ. ಅವರ ಮುಖ್ಯಸ್ಥ ಓಬಣ್ಣ ಎಂಟು ಮುಖಗಳನ್ನು ಒಂದೊಂದಾಗಿ ತಡವಿದ. ಅವ್ವ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ದುಗ್ಗಿಗೆ ಮೊದಲಿಂದ ಗಲ್ಲದ ಕೆಳಗೆ ಕಚಗುಳಿ. ಓಬಣ್ಣ ಒಬ್ಬಳ ಗಲ್ಲ ಮುಟ್ಟಿದ, ಎಂಟೂ ಮಂದಿ ಒಟ್ಟಿಗೆ ಕಿಲಕಿಲ ನಕ್ಕರು. ಓಬಣ್ಣ ಕೈ ಹಿಂದಕ್ಕೆ ಎಳೆದುಕೊಂಡ. ಅಂಗೈಯನ್ನು ಪಂಚೆಗೆ ಒರೆಸಿದ.

"ನಮ್ಮೋಳೇ," ಅಂದ. "ಎಲ್ಲಾ ನಮ್ಮೋರೇ. ನಾನೇನು ಮಾಡಾಕಾಗಲ್ಲ."

ಹೋಗುವಾಗ ನನ್ನ ಪಕ್ಕ ನಿಂತು, "ಏನು ಬರೆದ್ಯಪ್ಪ ಇವಳಿಗೆ?" ಅಂದ. ನಾನು ಏನೂ ಹೇಳಲಿಲ್ಲ. ಅದೇ ನಿಜವಾದ ಉತ್ತರವೂ ಆಗಿತ್ತು.

ನಾಲ್ಕನೆಯ ತಿಂಗಳು ದುಗ್ಗಿ ಹದಿನಾರು ಮಂದಿಯಾದಳು. ಆ ವಾರವೇ ಹಿಂದಿನ ಸಲದ ಹದಿನಾಲ್ಕು ಮಕ್ಕಳು ಹಳೇ ಗಿರಣಿಗೆ ಹೋದರು. ಮುಂದಿನ ಪಟ್ಟಿ ಕೇಳಲು ತಿಪ್ಪಕ್ಕನ ಜಗಲಿಗೆ ಹೋದೆ. ಅವಳು ನನ್ನ ಮುಖ ನೋಡಲಿಲ್ಲ.

"ಹೊರೋರು ಹದಿನೈದು, ಉಳಿದೋರು ಕಣಜಕ್ಕೆ. ಗಾಯ ಇನ್ನೂ ಮಾಯ್ದಿಲ್ಲ." ಬೆರಳಿನ ದಾರ ಸರಿ ಮಾಡಿಕೊಳ್ಳುತ್ತ ಅಂದಳು, "ನಿಮ್ಮ ಮನೇಲಿ ಹದಿನಾರು ಇದಾರಂತಲ್ಲ."

"ತಿಪ್ಪಕ್ಕ, ನೀನೇ ಅವಳಿಗೆ ಕಡ್ಲೆ ಕೊಡ್ತಿದ್ದೋಳು."

"ಕೊಡ್ತಿದ್ದೆ. ಈಗ ಹದಿನಾರು ಜನಕ್ಕೆ ಎಲ್ಲಿಂದ ತರ್ಲಿ? ನಾನು ಹೇಳಿದ್ದಲ್ಲಪ್ಪ ಇದು. ದಾರ ಹಂಗೇ ಜಗ್ಗೈತೆ. ಹದಿನೈದು ಸಲ ಜಗ್ಗಿ, ಒಂದು ಬಿಟ್ಟೈತೆ."

ಅವತ್ತು ಸಂಜೆ ಆ ಸಲದ ಮಕ್ಕಳ ಅಪ್ಪ ಅಮ್ಮಂದಿರು ನಮ್ಮ ಅಂಗಳಕ್ಕೆ ಬಂದರು. ಯಾರೂ ಗದ್ದಲ ಮಾಡಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ತಂದ ಬೆಲ್ಲದ ಅಚ್ಚು, ಸೌತೆಕಾಯಿ ಎಲ್ಲ ಜಗಲಿಯ ಮೇಲಿಟ್ಟು ಕೂತರು. ಒಬ್ಬ ಹೆಂಗಸು ಅವ್ವನ ಕಾಲು ಮುಟ್ಟಿದಳು. "ನಿಮಗಾದ್ರೆ ಒಬ್ಳು ಉಳೀತಾಳಮ್ಮ," ಅಂದಳು. "ನನಗಿರೋದೇ ಒಬ್ಬ." ಅವ್ವ ಆ ಲೆಕ್ಕ ಕೇಳಿ ಕಾಲು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಎದ್ದು ಒಳಗೆ ಹೋಗಿ, ಸಾಲಾಗಿ ಕೂತಿದ್ದ ಹದಿನಾರು ಮಂದಿಯಲ್ಲಿ ಒಬ್ಬಳ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಹತ್ತಿರವಿದ್ದ ಕೈ ಹಿಡಿದಳು ಅಂತ ಕಾಣುತ್ತದೆ.

ಉಳಿದ ಹದಿನೈದು ಮಂದಿಗೆ ಹೊರುವವರು ಅಂತ, ಆ ಸಲದ ಮಕ್ಕಳಿಗೆ ಕೂಡಿಡುವವರು ಅಂತ ಬರೆದೆ. ಕೊನೆಯ ಗಾಜಿನವರೆಗೂ ಯಾರೂ ತಮಾಷೆ ಮಾಡಲಿಲ್ಲ. ಕಚೇರಿಯಲ್ಲಿ ಹದಿನೈದು ಚೀಟಿಗಳಲ್ಲಿ ದುಗ್ಗಮ್ಮ ಅನ್ನುವ ಒಂದೇ ಹೆಸರು ಒಂದೇ ಅಕ್ಷರದಲ್ಲಿ ಡಬ್ಬಿಗೆ ಬಿತ್ತು. ಗುಮಾಸ್ತ ಬಳೆ ತೊಡಿಸುವಾಗ ಒಬ್ಬಳು, "ಬಳೆ ದೊಡ್ಡದಾಯ್ತು ಕಣ್ರೀ," ಅಂದಳು. ದುಗ್ಗಿಯ ದನಿಯಲ್ಲಿ ಅವಳು ಆಡಿದ ಕೊನೆಯ ಮಾತು ಅದು. ತಿಂಗಳು ಕಳೆದ ಮೇಲೆ ನಮ್ಮ ಬಾಗಿಲಿಗೆ ಮಡಕೆ ತಂದವಳ ಮುಖ ದುಂಡಗೆ ತಗ್ಗಾಗಿತ್ತು. ಅವಳು ಮಡಕೆ ಇಟ್ಟು, ಹಳೆಯದನ್ನು ಎತ್ತಿಕೊಂಡಳು. ಬಳೆ ಮೊಣಕೈಗೆ ಜಾರಿತು.

ಹಾಗೆ ಅದು ಪದ್ಧತಿಯಾಯಿತು. ನಾಲ್ಕು ತಿಂಗಳಿಗೆ ಒಮ್ಮೆ ನಮ್ಮ ಮನೆಯಿಂದ ಹದಿನೈದು ಮಂದಿ ಹೋಗುತ್ತಾರೆ, ಒಬ್ಬಳು ಉಳಿಯುತ್ತಾಳೆ. ಊರಿನವರು ಸೇರಿ ನಮ್ಮ ಮನೆಗೆ ಹಿಂದೆ ಎರಡು ಕೋಣೆ ಕಟ್ಟಿಸಿಕೊಟ್ಟರು, ಎಲುಬಿನವರು ಬಂದು ದಪ್ಪ ಬಿಳಿ ಗೋಡೆ ಎಬ್ಬಿಸಿದರು. ಕಿಟಕಿ ಇಡಲಿಲ್ಲ. ಬಾಗಿಲಿಗೆ ಮೂರು ಮಡಕೆ ಹೆಚ್ಚು ಬಂತು. ಬೀದಿಯಲ್ಲಿ ನಡೆದರೆ ಜನ ನನಗೆ ಜಾಗ ಬಿಡುತ್ತಿದ್ದರು. ಮಕ್ಕಳನ್ನು ಶಾಲೆಯ ಕೊನೆಯ ಕೋಣೆಗೆ ಕಳಿಸುವಾಗ ತಾಯಂದಿರು ಈಗ ಅಳುತ್ತಿರಲಿಲ್ಲ. ಮುಂದಿನ ವರ್ಷ ನನಗೆ ಮದುವೆಯಾಯಿತು. ಹೆಂಡತಿ ನಾಗವೇಣಿ ಎಳೆಯುವವಳು, ಬೆಳಗಿನ ಪಾಳಿ. ಹಾಲಮ್ಮ ಹುಟ್ಟಿದಳು. ಅವಳು ಮಾತಾಡಲು ಕಲಿತಾಗ ದುಗ್ಗಿಯನ್ನು 'ಅತ್ತೆ' ಅಂದಳು. ಏಳು ವರ್ಷಕ್ಕೆ 'ಅಕ್ಕ' ಅಂದಳು. ಹನ್ನೆರಡಾದ ಮೇಲೆ 'ದುಗ್ಗಿ' ಅನ್ನತೊಡಗಿದಳು. ತಿದ್ದಬೇಕು ಅಂತ ನಮಗೆ ಯಾರಿಗೂ ಅನ್ನಿಸಲಿಲ್ಲ. ದುಗ್ಗಿಗೆ ಆಗಲೂ ಹದಿನೈದು.

ಅವ್ವ ಹೋಗಿ ಈಗ ಆರು ವರ್ಷ. ಅವಳಾದ ಮೇಲೆ ಯಾರ ಕೈ ಹಿಡಿಯಬೇಕು ಅನ್ನುವುದು ನನ್ನ ಕೆಲಸವಾಯಿತು. ನಾನು ಕಣ್ಣು ಮುಚ್ಚಿ ಕೈ ಚಾಚುತ್ತೇನೆ.

ಈ ವರ್ಷ ಹಾಲಮ್ಮನಿಗೆ ಹದಿನೈದು ತುಂಬಿತು. ಪಟ್ಟಿ ಕೇಳಲು ಹೋದಾಗ ತಿಪ್ಪಕ್ಕನಿಗೆ ಕಣ್ಣು ಕಾಣುತ್ತಿರಲಿಲ್ಲ. ಬೆರಳು ಮಾತ್ರ ಚುರುಕಾಗಿತ್ತು.

"ಹೊರೋರು ಹದಿನೈದು. ಅಂಚಿಗೆ ಹನ್ನೆರಡು."

"ಈ ಸಲ ಇರೋ ಮಕ್ಕಳೇ ಹನ್ನೆರಡು ತಿಪ್ಪಕ್ಕ."

"ಗೊತ್ತು. ಗಾಯ ಮುಚ್ಚಬೇಕಂತೆ. ಉತ್ತರದ ಕಡೆ ಈಗ ತಿಂಗಳಿಗೊಂದು ಸಾಲು ಸರೀತೈತಂತೆ."

ಇಪ್ಪತ್ತೆಂಟು ಸಾಲು, ಇಪ್ಪತ್ತೆಂಟು ತಿಂಗಳು. ಅಪ್ಪನಿಗೆ ಅಷ್ಟು ವರ್ಷ ಸಿಕ್ಕಿತ್ತು. ನಾನು ಮನೆಗೆ ಬಂದು ನಾಗವೇಣಿಗೆ ಹೇಳಿದೆ. ಅವಳು ಅಂಗೈಯ ಹಗ್ಗದ ಗಾಯಗಳಿಗೆ ಎಣ್ಣೆ ಸವರಿಕೊಳ್ಳುತ್ತ ಕೂತಿದ್ದಳು.

"ನಿನ್ನ ಕೈಯಲ್ಲೇ ಐತಲ್ಲ ಪೆನ್ನು," ಅಂದಳು. "ಅವಳು ಮನೇಲೇ ಇರ್ಲಿ."

ನನ್ನ ಅವ್ವ ಆಡಿದ ಮಾತು ಇದೇ ಅಂತ ಅವಳಿಗೆ ಗೊತ್ತಿರಲಿಲ್ಲ. "ಮನೇಲಿ ಈಗಾಗ್ಲೇ ಒಬ್ಬಳು ಇದಾಳೆ," ಅಂದೆ.

ಬಿಳಿ ಗೋಡೆಯ ಕೋಣೆಯ ಬಾಗಿಲಲ್ಲಿ ದುಗ್ಗಿ ನಿಂತಿದ್ದಳು. ಹಿಂದೆ ಕತ್ತಲೆಯಲ್ಲಿ ಉಳಿದವರು. ಯಾವಾಗ ಬಂದು ನಿಂತಳೋ. "ಅಣ್ಣ, ಈ ಸಲ ಹದಿನಾರು ಬರಿ," ಅಂದಳು.

"ಹದಿನೈದು ಸಾಕು."

"ಹೊರೋರು ಒಬ್ರು ಹೆಚ್ಚಾದ್ರೆ ಯಾರೂ ಬೀಳಲ್ಲ. ನೀನೇ ಹೇಳಿದ್ದು." ಅವಳು ಬಂದು ನನ್ನ ಎದುರು ಕೂತಳು. ನನ್ನ ಗಡ್ಡದಲ್ಲಿ ಬಿಳಿ ಕೂದಲು ಬಂದಿತ್ತು, ಅವಳ ಗಲ್ಲದ ಮೇಲೆ ಅದೇ ಹಳೆಯ ಮೊಡವೆ. "ಐವತ್ತು ಸಲ ಉಳ್ದೀನಿ ಅಣ್ಣ. ಕಣ್ಣು ಮುಚ್ಕೊಂಡು ಕೈ ಚಾಚ್ತೀಯ, ನನ್ನ ಕೈಯೇ ಸಿಗ್ತೈತೆ. ಪ್ರತಿ ಸಲ ಹೋದೋರೂ ನಾನೇ, ಅದು ನನಗೆ ನೆನಪಿರಲ್ಲ. ಉಳಿದದ್ದು ಮಾತ್ರ ನೆನಪೈತೆ."

"ನೀನು ಹೋದ್ರೆ ಮುಂದಿನ ಸಲ ಯಾರ ಮಕ್ಕಳನ್ನ ಬರೀಲಿ?"

"ಒಬ್ರು ಖಾಲಿ ಇರ್ಬೇಕು, ಅಷ್ಟೇ ತಾನೆ? ನಾನೇ ಆಗ್ಬೇಕು ಅಂತ ಏನೈತೆ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಯಾರನ್ನಾದ್ರೂ ಇಡು. ಹನ್ನೆರಡು ಮಕ್ಕಳಿದಾವಲ್ಲ."

ಹಾಲಮ್ಮ ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ. "ದುಗ್ಗೀ, ಜಡೆ ಹಾಕ್ತೀಯೇನೇ?" ಅಂತ ಕೂಗಿದಳು. ದುಗ್ಗಿ ಎದ್ದು ಹೋದಳು.

ಮರುದಿನ ಕೋಣೆಯಲ್ಲಿ ಎರಡು ಬೆಂಚು. ಒಂದರ ಮೇಲೆ ಹದಿನಾರು ದುಗ್ಗಿಯರು, ಇನ್ನೊಂದರ ಮೇಲೆ ಹನ್ನೆರಡು ಮಕ್ಕಳು. ಕಿಟಕಿಯ ಹೊರಗೆ ಅವರ ಅಪ್ಪ ಅಮ್ಮಂದಿರು. ಹನ್ನೆರಡೂ ಅಂಚಿಗೆ ಅನ್ನುವುದು ಅವರಿಗೆ ಗೊತ್ತಿತ್ತು. ಹೊರುವುದಕ್ಕಿಂತ ಅಂಚು ವಾಸಿ ಅಂತ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ನಾನು ಗಾಜುಗಳನ್ನು ಒಂದೊಂದಾಗಿ ನೋಡಿದೆ. ಇಪ್ಪತ್ತೆಂಟೂ ಒಂದೇ. ಚಪ್ಪಟೆ, ನಡುವೆ ನೀಲಿ ಚುಕ್ಕೆ. ದುಗ್ಗಿಯದು ಯಾವುದು ನನ್ನ ಮಗಳದು ಯಾವುದು ಅಂತ ಗಾಜು ಹೇಳಲಿಲ್ಲ.

ಹದಿನೈದು ದುಗ್ಗಿಯರಿಗೆ ಬರೆದೆ. ಹದಿನಾರನೆಯವಳು ಬಂದು ನಿಂತಳು. "ಮೇಷ್ಟ್ರೇ," ಅಂದಳು ಮೆಲ್ಲಗೆ, "ನಮ್ಮಣ್ಣಂಗೆ ಸ್ವಲ್ಪ ಶಿಫಾರಸು ಮಾಡ್ರಿ." ಹದಿನೇಳು ವರ್ಷದಲ್ಲಿ ಅವಳು ಆ ಕೋಣೆಯಲ್ಲಿ ತಮಾಷೆ ಮಾಡಿದ್ದು ಅದು ಎರಡನೆಯ ಸಲ. ನಾನು ಹೊರುವವರು ಅಂತ ಬರೆದೆ. ಅವಳು ಕಾಲಮ್ಮಿನ ಮೇಲೆ ಬಗ್ಗಿ ಓದಿದಳು, ಇನ್ನೊಂದು ಸಲ ಓದಿದಳು, ಆಮೇಲೆ ಬೆನ್ನು ನೆಟ್ಟಗೆ ಮಾಡಿ ನಿಂತಳು.

ಇನ್ನು ಹನ್ನೆರಡು. ಯಾರಾದರೂ ಒಬ್ಬರು ಖಾಲಿ ಇರಬೇಕಿತ್ತು. ಯಾರ ಮಗುವಾದರೂ ಆಗಬಹುದಿತ್ತು; ಖಾಲಿ ಬಿಡುವುದು ಅಂದರೆ ಏನು ಅಂತ ಈ ಊರಿನಲ್ಲಿ ನನ್ನಷ್ಟು ಗೊತ್ತಿದ್ದವರು ಯಾರೂ ಇರಲಿಲ್ಲ. ಬೇರೆಯವರ ಮಗುವಿಗೆ ಅದನ್ನು ಮಾಡಬಾರದು ಅಂತ ನಾನು ಯೋಚಿಸಲಿಲ್ಲ. ಅಷ್ಟು ಒಳ್ಳೆಯವನಲ್ಲ ನಾನು. ಯೋಚಿಸಿದ್ದು ಇಪ್ಪತ್ತೆಂಟನೆಯ ಸಾಲಿನಲ್ಲಿ ಹೊರಗೆ ಮುಖ ಮಾಡಿ ನಿಂತಿದ್ದ ಅಪ್ಪನ ಚಪ್ಪಟೆ ಬೆನ್ನನ್ನು. ಹನ್ನೊಂದು ಮಕ್ಕಳ ಹೆಸರಿನ ಮುಂದೆ ಅಂಚಿನವರು ಅಂತ ಬರೆದೆ. ಹಾಲಮ್ಮ ಅನ್ನುವ ಹೆಸರಿನ ಮುಂದೆ ಪೆನ್ನು ಎತ್ತಿದೆ. ಗುಮಾಸ್ತ ಗೆರೆ ಎಳೆದು ಮುದ್ರೆ ಒತ್ತಿದ.

ಕಚೇರಿಯ ಬಾಗಿಲಲ್ಲಿ ಆ ಹದಿನಾರನೆಯವಳು ಚೀಟಿ ಮಡಚುತ್ತ ಹಾಲಮ್ಮನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಚೀಟಿ ಡಬ್ಬಿಗೆ ಬಿತ್ತು. ಹಾಲಮ್ಮ "ದುಗ್ಗೀ" ಅಂದಳು. ಅವಳು ತಿರುಗಲಿಲ್ಲ.

ಮನೆ ಇಷ್ಟು ದೊಡ್ಡದು ಅಂತ ನನಗೆ ಗೊತ್ತಿರಲಿಲ್ಲ. ಬಿಳಿ ಗೋಡೆಯ ಕೋಣೆಗಳಲ್ಲಿ ಹೆಜ್ಜೆಯ ಸದ್ದು ತಿರುಗಿ ಬರುತ್ತಿತ್ತು. ನಾಗವೇಣಿ ಬೆಳಗಿನ ಪಾಳಿಗೆ ಹೋದ ಮೇಲೆ ಹಾಲಮ್ಮ ತಾನೇ ಜಡೆ ಹಾಕಿಕೊಳ್ಳುತ್ತಿದ್ದಳು. ಅಭ್ಯಾಸವಿಲ್ಲದ ಕೈ, ಬೈತಲೆ ಹಿಂದೆ ಹೋಗುತ್ತ ಸೊಟ್ಟಗಾಗುತ್ತಿತ್ತು. ದಿನಾ ಬೆಳಿಗ್ಗೆ ಅದನ್ನು ನೋಡುವುದೇ ನನ್ನ ಕೆಲಸವಾಯಿತು. ಸೊಟ್ಟಗಿದ್ದರೆ ನೆಮ್ಮದಿಯಿಂದ ರೊಟ್ಟಿ ತಿನ್ನುತ್ತಿದ್ದೆ. ಇಪ್ಪತ್ತೆಂಟನೆಯ ದಿನ ಸೊಟ್ಟಗಿತ್ತು. ಇಪ್ಪತ್ತೊಂಬತ್ತನೆಯ ದಿನವೂ.

ಮೂವತ್ತನೆಯ ದಿನ ಬೆಳಿಗ್ಗೆ ಅವಳು ನನ್ನ ಎದುರು ಕೂತು ಉಪ್ಪಿನಕಾಯಿ ಭರಣಿಯ ಮುಚ್ಚಳ ತಿರುಗಿಸುತ್ತಿದ್ದಳು.

"ಹಿಂದೆ ತಿರುಗು," ಅಂದೆ.

"ಯಾಕಪ್ಪ?"

"ತಿರುಗು."

ಅವಳು ತಿರುಗಿದಳು. ನಾನು ನೋಡಿದೆ. ಆಮೇಲೆ ಏನೂ ಕೇಳದೆ ಎದ್ದು, ಗೂಡಿನಿಂದ ಇನ್ನೊಂದು ತಟ್ಟೆ ಇಳಿಸಿ ಒರೆಸಿದೆ.